ಹೃದಯ ಬಲಗಡೆ, ಲಿವರ್ ಎಡಗಡೆ: ರಿಪೋರ್ಟ್ ಕೈಗೆ ಬಂದ ಮೇಲೆ ಏನು ಮಾಡಬೇಕು?

‘ರಿಪೋರ್ಟ್‌ನಲ್ಲಿ ಸೈಟಸ್ ಇನ್ವರ್ಸಸ್ ಅಂತ ಬರೆದಿದ್ದಾರೆ. ಆಪರೇಷನ್ ಮಾಡಿಸಬೇಕಾ?’ ಓದುಗರು ಬೇರೆ ಬೇರೆ ಮಾತಿನಲ್ಲಿ ಇದೊಂದೇ ಪ್ರಶ್ನೆ ಕೇಳುತ್ತಿರುತ್ತಾರೆ. ಕೆಲವರಿಗೆ ಕೆಲಸಕ್ಕೆ ಸೇರುವ ಮುಂಚೆ ತೆಗೆಸಿದ ಎಕ್ಸ್‌ರೇಯಲ್ಲಿ ಗೊತ್ತಾಗಿರುತ್ತದೆ. ಕೆಲವರಿಗೆ ಬಸುರಿನಲ್ಲಿ ಮಾಡಿಸಿದ ಸ್ಕ್ಯಾನ್‌ನಲ್ಲಿ. ಇನ್ನು ಕೆಲವರಿಗೆ ಐವತ್ತು ದಾಟಿದ ಮೇಲೆ, ಯಾವುದೋ ಹೊಟ್ಟೆನೋವಿಗೆ ಹೋದಾಗ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಂಗಗಳು ಎಡ-ಬಲ ಅದಲುಬದಲಾಗಿವೆ ಅನ್ನುವ ಒಂದೇ ಕಾರಣಕ್ಕೆ ಆಪರೇಷನ್ ಬೇಡ, ಮಾತ್ರೆಯೂ ಬೇಡ. ಅವನ್ನು ‘ಸರಿ’ ಜಾಗಕ್ಕೆ ತರುವ ಚಿಕಿತ್ಸೆ ಇಲ್ಲ, ಅದರ ಅಗತ್ಯವೂ ಇಲ್ಲ. ಅಪಾಯ ಬರುವುದು ಎರಡೇ ದಾರಿಯಿಂದ. ಜೊತೆಗೆ ಬೇರೊಂದು ತೊಂದರೆ ಇದ್ದು, ಅದನ್ನು ಯಾರೂ ಹುಡುಕದೇ ಬಿಟ್ಟರೆ ಒಂದು. ನಿಮಗೆ ಚಿಕಿತ್ಸೆ ಕೊಡುವವರಿಗೆ ಈ ವಿಷಯವೇ ಗೊತ್ತಿಲ್ಲದಿದ್ದರೆ ಇನ್ನೊಂದು. ಕೆಳಗಿನ ಹಂತಗಳೆಲ್ಲ ಈ ಎರಡು ದಾರಿಗಳನ್ನು ಮುಚ್ಚುವುದಕ್ಕೆ.

ಮೊದಲು, ಇದು ಏನು?

ಸಾಮಾನ್ಯವಾಗಿ ಹೃದಯದ ತುದಿ ಎಡಕ್ಕೆ ಬಾಗಿರುತ್ತದೆ. ಜಠರ ಮತ್ತು ಗುಲ್ಮ (ಸ್ಪ್ಲೀನ್) ಎಡಗಡೆ, ಲಿವರ್, ಪಿತ್ತಕೋಶ ಮತ್ತು ಅಪೆಂಡಿಕ್ಸ್ ಬಲಗಡೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡದ್ದಕ್ಕೆ ಎರಡು. ಸೈಟಸ್ ಇನ್ವರ್ಸಸ್ ಇರುವವರಲ್ಲಿ ಇದೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತದೆ. ಲ್ಯಾಟಿನ್‌ನಲ್ಲಿ ‘ಸೈಟಸ್’ ಅಂದರೆ ಜಾಗ, ‘ಇನ್ವರ್ಸಸ್’ ಅಂದರೆ ತಿರುಗಿದ್ದು. ಸುಮಾರು 10,000 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಇದು ಯಾರ ತಪ್ಪಿನಿಂದಲೂ ಆಗುವುದಲ್ಲ. ಬಸುರಿನಲ್ಲಿ ತಾಯಿ ಹೇಗೆ ಮಲಗಿದರು, ಏನು ತಿಂದರು, ಏನು ಎತ್ತಿದರು ಅಂತೆಲ್ಲ ಹುಡುಕಿ ಕೊರಗಬೇಡಿ. ಗರ್ಭ ನಿಂತು ಮೂರ್ನಾಲ್ಕು ವಾರ ಆಗುವಷ್ಟರಲ್ಲೇ ಎಡ ಯಾವುದು, ಬಲ ಯಾವುದು ಅನ್ನುವುದು ತೀರ್ಮಾನವಾಗಿರುತ್ತದೆ. ಎಷ್ಟೋ ತಾಯಂದಿರಿಗೆ ಬಸಿರಾಗಿದ್ದು ಆಗಿನ್ನೂ ಗೊತ್ತೇ ಆಗಿರುವುದಿಲ್ಲ. ಭ್ರೂಣದ ಮೇಲಿನ ಒಂದು ಪುಟ್ಟ ಗುಂಡಿಯಲ್ಲಿ ‘ಸಿಲಿಯಾ’ ಅನ್ನುವ ಸೂಕ್ಷ್ಮ ಕೂದಲುಗಳಿರುತ್ತವೆ. ಅವು ಗಿರಗಿರ ತಿರುಗಿ ಸುತ್ತಲಿನ ದ್ರವವನ್ನು ಎಡಕ್ಕೆ ತಳ್ಳುತ್ತವೆ. ‘ಇದು ಎಡ’ ಅನ್ನುವ ಸುದ್ದಿ ದೇಹಕ್ಕೆ ಹೋಗುವುದು ಆ ಹರಿವಿನಿಂದ. ಜಪಾನಿನ ಸಂಶೋಧಕರು ಇಲಿಯ ಭ್ರೂಣದಲ್ಲಿ ಈ ಹರಿವನ್ನು 1998ರಲ್ಲಿ ತೋರಿಸಿಕೊಟ್ಟರು. ಕೂದಲು ತಿರುಗದಿದ್ದರೆ ಸುದ್ದಿ ಹೋಗುವುದಿಲ್ಲ. ಆಗ ಎಡವೋ ಬಲವೋ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ಈ ಕೂದಲಿನ ವಿಷಯ ನೆನಪಿಟ್ಟುಕೊಳ್ಳಿ, 4ನೇ ಹಂತದಲ್ಲಿ ಮತ್ತೆ ಬರುತ್ತದೆ.

ಏನೇನು ಜೋಡಿಸಿಕೊಳ್ಳಬೇಕು

ಹಳೆಯ ಎಕ್ಸ್‌ರೇ, ಇಸಿಜಿ, ಸ್ಕ್ಯಾನ್ ರಿಪೋರ್ಟ್ ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಬರೀ ರಿಪೋರ್ಟ್ ಸಾಲದು, ಫಿಲ್ಮ್ ಅಥವಾ ಸಿಡಿಯೂ ಬೇಕು. ಹಿಂದೆ ಆದ ಆಪರೇಷನ್‌ಗಳ ಡಿಸ್ಚಾರ್ಜ್ ಸಮ್ಮರಿ ಇದ್ದರೆ ಅದನ್ನೂ ಸೇರಿಸಿ. ಹುಟ್ಟಿದಾಗ ಉಸಿರಾಟಕ್ಕೆ ತೊಂದರೆ ಆಗಿತ್ತಾ, ಆಮ್ಲಜನಕ ಕೊಟ್ಟಿದ್ದರಾ ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆದಿಟ್ಟುಕೊಳ್ಳಿ.

1. ನಿಜಕ್ಕೂ ಅದಲುಬದಲಾಗಿದೆಯಾ, ಖಚಿತ ಮಾಡಿಕೊಳ್ಳಿ

ಇದನ್ನು ಬಿಡಬೇಡಿ. ಫಿಲ್ಮ್ ತಿರುಗಿಸಿ ಇಟ್ಟರೆ ಯಾರ ಹೃದಯವಾದರೂ ಬಲಕ್ಕೆ ಕಾಣುತ್ತದೆ. ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಮೂಲೆಯಲ್ಲಿ ‘ಎಲ್’ ಅಥವಾ ‘ಆರ್’ ಅನ್ನುವ ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ನಿಮ್ಮ ಎಡಗಡೆಯ, ಬಲಗಡೆಯ ಗುರುತು. ಫಿಲ್ಮ್ ಹಿಡಿಯಬೇಕಾದದ್ದು ಒಬ್ಬ ಮನುಷ್ಯ ನಿಮ್ಮ ಎದುರು ನಿಂತ ಹಾಗೆ. ಅಂದರೆ ‘ಎಲ್’ ನಿಮ್ಮ ಬಲಗೈ ಕಡೆ ಬರಬೇಕು, ಅಕ್ಷರ ನೆಟ್ಟಗೆ ಓದುವ ಹಾಗಿರಬೇಕು. ಹಾಗೆ ಹಿಡಿದಾಗಲೂ ಹೃದಯದ ಬಿಳಿ ನೆರಳು ‘ಆರ್’ ಕಡೆಗೆ ಚಾಚಿದ್ದರೆ ಹೃದಯ ಬಲಕ್ಕಿದೆ. ಈಗ ಕೆಳಗೆ, ಪಕ್ಕೆಲುಬಿನ ತಳದಲ್ಲಿ ನೋಡಿ. ಜಠರದ ಗಾಳಿ ಕಪ್ಪು ಗುಳ್ಳೆಯ ಹಾಗೆ ಕಾಣುತ್ತದೆ. ಅದೂ ‘ಆರ್’ ಕಡೆಗೇ ಇದ್ದರೆ ಹೊಟ್ಟೆಯ ಅಂಗಗಳೂ ತಿರುಗಿರುವ ಸಾಧ್ಯತೆ ಜಾಸ್ತಿ.

ಇಲ್ಲಿ ಆಗುವ ತಪ್ಪು ಎರಡು ಥರದ್ದು. ಸರಿ ಇರುವವರ ಫಿಲ್ಮ್‌ಗೆ ಗುರುತು ತಪ್ಪಾಗಿ ಬೀಳುವುದು ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಹೃದಯ ಬಲಕ್ಕೆ ಕಂಡ ಕೂಡಲೇ ‘ತಿರುಗಾಮುರುಗಾ ಆಗಿದೆ’ ಅಂದುಕೊಂಡು ಯಾರೋ ಚಿತ್ರವನ್ನು ‘ಸರಿಪಡಿಸಿ’ ಕೊಟ್ಟುಬಿಡುವುದು. ಆದ್ದರಿಂದ ಎಕ್ಸ್‌ರೇ ಕೋಣೆಯೊಳಗೆ ಹೋಗುವ ಮುಂಚೆಯೇ ಹೇಳಿ: ‘ನನಗೆ ಹೃದಯ ಬಲಗಡೆ ಇದೆ, ಗುರುತು ಸರಿಯಾಗಿ ಹಾಕಿ.’

ಇಸಿಜಿಯಲ್ಲೂ ಇದೇ ಗೊಂದಲ. ಹೃದಯ ಬಲಗಡೆ ಇದ್ದರೆ ‘ಲೀಡ್ 1’ ಅನ್ನುವ ಸಾಲಿನಲ್ಲಿ ಅಲೆಗಳೆಲ್ಲ ತಲೆಕೆಳಗಾಗಿ ಬರುತ್ತವೆ. ಎಡಗೈ, ಬಲಗೈ ವೈರ್ ಅದಲುಬದಲು ಹಾಕಿದರೂ ಹಾಗೇ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ಎದೆಯ ಮೇಲೆ ಅಂಟಿಸುವ ಆರು ಬಿಲ್ಲೆಗಳ ಸಾಲುಗಳಲ್ಲಿ, ಅಂದರೆ ವಿ1ರಿಂದ ವಿ6ರವರೆಗೆ. ವೈರ್ ತಪ್ಪಾಗಿದ್ದರೆ ಅಲೆ ಎಂದಿನಂತೆ ಎತ್ತರವಾಗುತ್ತಾ ಹೋಗುತ್ತದೆ. ಹೃದಯ ಬಲಗಡೆ ಇದ್ದರೆ ಕುಗ್ಗುತ್ತಾ ಹೋಗುತ್ತದೆ. ಇದನ್ನು ಓದುವುದು ಡಾಕ್ಟರ ಕೆಲಸ. ಆದರೆ ‘ಎದೆಯ ಬಲಭಾಗಕ್ಕೆ ಬಿಲ್ಲೆ ಹಾಕಿ ಇನ್ನೊಂದು ಇಸಿಜಿ ತೆಗೆಯುತ್ತೀರಾ?’ ಅಂತ ಕೇಳುವುದು ನಿಮ್ಮಿಂದ ಆಗುವ ಕೆಲಸ.

2. ಯಾವ ಬಗೆ ಅಂತ ಬರೆಸಿಕೊಳ್ಳಿ

‘ಹೃದಯ ಬಲಗಡೆ ಇದೆ’ ಅನ್ನುವುದು ಅರ್ಧ ಮಾತು ಮಾತ್ರ. ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಡಾಕ್ಟರ್ ಹೇಳಿದರೆ ಸಿಟಿ ಸ್ಕ್ಯಾನ್ ಮಾಡಿಸಿ. ಬಗೆ ಯಾವುದು ಅಂತ ಅಕ್ಷರದಲ್ಲಿ ಬರೆಸಿಕೊಳ್ಳಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಎಲ್ಲ ಅಂಗಗಳೂ ತಿರುಗಿದ್ದರೆ ಅದು ಸೈಟಸ್ ಇನ್ವರ್ಸಸ್ ಟೋಟಾಲಿಸ್, ಅಂದರೆ ಪೂರ್ತಿ ಅದಲುಬದಲು. ನೆಮ್ಮದಿಯ ಬಗೆ ಇದು. ಎಲ್ಲವೂ ಒಟ್ಟಿಗೆ ತಿರುಗಿರುವುದರಿಂದ ಒಂದಕ್ಕೊಂದು ಜೋಡಣೆ ಸರಿಯಾಗೇ ಇರುತ್ತದೆ.

ಹೃದಯ ಮಾತ್ರ ಬಲಕ್ಕೆ ತಿರುಗಿ, ಹೊಟ್ಟೆಯ ಅಂಗಗಳು ಎಂದಿನ ಜಾಗದಲ್ಲಿದ್ದರೆ ಬರೀ ಡೆಕ್ಸ್ಟ್ರೋಕಾರ್ಡಿಯಾ. ಹೊಟ್ಟೆಯದ್ದೆಲ್ಲ ತಿರುಗಿ ಹೃದಯ ಮಾತ್ರ ಎಡಕ್ಕೇ ಉಳಿದಿದ್ದರೆ ಲೀವೋಕಾರ್ಡಿಯಾ. ಈ ಎರಡರಲ್ಲೂ, ಅದರಲ್ಲೂ ಎರಡನೆಯದರಲ್ಲಿ, ಹೃದಯದ ರಚನೆಯಲ್ಲೇ ದೋಷ ಇರುವ ಸಾಧ್ಯತೆ ತುಂಬ ಜಾಸ್ತಿ.

ಎಡವೂ ಅಲ್ಲ, ಬಲವೂ ಅಲ್ಲ ಅನ್ನುವ ಹಾಗೆ ಅಂಗಗಳು ಕಲಸಿಹೋಗಿದ್ದರೆ ಅದಕ್ಕೆ ಹೆಟೆರೋಟ್ಯಾಕ್ಸಿ ಅನ್ನುತ್ತಾರೆ. ಲಿವರ್ ನಡುವೆ ಅಡ್ಡ ಮಲಗಿರಬಹುದು. ಗುಲ್ಮ ಇಲ್ಲದೇ ಇರಬಹುದು, ಇಲ್ಲವೇ ಚೂರುಚೂರಾಗಿ ನಾಲ್ಕೈದು ಇರಬಹುದು. ಜೊತೆಗೆ ಹೃದಯದಲ್ಲಿ ದೊಡ್ಡ ದೋಷಗಳು ಇರುವುದು ಸಾಮಾನ್ಯ. ಇದನ್ನು ‘ಅದೂ ಒಂಥರಾ ಸೈಟಸ್ ಇನ್ವರ್ಸಸ್ಸೇ’ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಬಗೆ ಅಂತ ಗೊತ್ತಾದರೆ ಎರಡು ಪ್ರಶ್ನೆ ಕೇಳಲೇಬೇಕು.

ಒಂದು, ‘ಗುಲ್ಮ ಇದೆಯಾ, ಕೆಲಸ ಮಾಡುತ್ತಿದೆಯಾ?’ ಗುಲ್ಮ ರಕ್ತದಿಂದ ರೋಗಾಣುಗಳನ್ನು ಸೋಸುವ ಅಂಗ. ಅದು ಇಲ್ಲದವರಿಗೆ ಸಾಧಾರಣ ಜ್ವರ ಅನ್ನುವುದೇ ಇಲ್ಲ, ಪ್ರತಿ ಜ್ವರವೂ ತುರ್ತು. ಕೆಲವು ಲಸಿಕೆಗಳನ್ನು, ಮುಖ್ಯವಾಗಿ ನ್ಯುಮೊಕಾಕಸ್, ಮೆನಿಂಜೊಕಾಕಸ್ ಮತ್ತು ಹಿಬ್ ಲಸಿಕೆಗಳನ್ನು ತಪ್ಪದೇ ಹಾಕಿಸಬೇಕು. ಮಕ್ಕಳಿಗೆ ದಿನವೂ ಆ್ಯಂಟಿಬಯಾಟಿಕ್ ಕೊಡಲು ಡಾಕ್ಟರ್ ಹೇಳಬಹುದು. ನಡುವೆ ನಿಲ್ಲಿಸಬೇಡಿ.

ಎರಡು, ‘ಕರುಳು ಸರಿಯಾಗಿ ಸುತ್ತಿಕೊಂಡಿದೆಯಾ?’ ಈ ಮಕ್ಕಳಲ್ಲಿ ಕರುಳು ತಿರುಚಿಕೊಳ್ಳುವ ಭಯ ಇರುತ್ತದೆ. ಎಳೆಗೂಸು ಹಸಿರು ಬಣ್ಣದ ವಾಂತಿ ಮಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಗಳಿಗೆಯಲ್ಲೇ ಹೊರಡಿ.

3. ಹೃದಯದ ಎಕೋ ಮಾಡಿಸಿ

ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್. ನೋವಿಲ್ಲ, ವಿಕಿರಣ ಇಲ್ಲ. ಪೂರ್ತಿ ಅದಲುಬದಲಾದವರಲ್ಲೂ ಹುಟ್ಟಿನಿಂದ ಬಂದ ಹೃದಯದೋಷ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ನೂರಕ್ಕೆ ಐದರ ಆಸುಪಾಸು ಅಂತ ಇಟ್ಟುಕೊಳ್ಳಿ. ಏನೂ ತೊಂದರೆ ಕಾಣದಿದ್ದರೂ ಒಮ್ಮೆ ನೋಡಿಸಿ. ಬಗೆ ಪೂರ್ತಿ ಅದಲುಬದಲಾಗಿದ್ದು, ಎಕೋ ಸರಿಯಾಗಿದ್ದು, 4ನೇ ಹಂತದಲ್ಲೂ ಏನೂ ಸಿಗದಿದ್ದರೆ ಉಳಿದವರಷ್ಟೇ ಕಾಲ, ಉಳಿದವರ ಹಾಗೇ ಬದುಕುತ್ತೀರಿ. ಓಟ, ಈಜು, ಭಾರ ಎತ್ತುವುದು ಯಾವುದಕ್ಕೂ ಅಡ್ಡಿಯಿಲ್ಲ.

ಗರ್ಭದಲ್ಲಿರುವ ಮಗುವಿಗೆ ಹೀಗಿದೆ ಅಂತ ಸ್ಕ್ಯಾನ್‌ನಲ್ಲಿ ಬಂದರೆ ‘ಫೀಟಲ್ ಎಕೋ’ ಮಾಡಿಸಿ. ಅದು ಗರ್ಭದೊಳಗಿನ ಹೃದಯವನ್ನು ವಿವರವಾಗಿ ನೋಡುವ ಪರೀಕ್ಷೆ. ಹೃದಯ ಬರೀ ಆಚೀಚೆ ತಳ್ಳಿಸಿಕೊಂಡಿದೆಯಾ ಅಂತಲೂ ಕೇಳಿ. ಎದೆಯಲ್ಲಿ ಬೇರೇನೋ ಜಾಗ ಹಿಡಿದು ಹೃದಯವನ್ನು ಬಲಕ್ಕೆ ನೂಕಿದ್ದರೆ ಅದು ಬೇರೆಯೇ ಸಮಸ್ಯೆ.

4. ಮೂಗು, ಕಿವಿ, ಕೆಮ್ಮು: ಇದನ್ನೇ ಎಲ್ಲರೂ ಮರೆಯುವುದು

ಅನೇಕರು ಎಕೋ ಸರಿಯಿದೆ ಅಂದ ಕೂಡಲೇ ಫೈಲ್ ಮುಚ್ಚಿಬಿಡುತ್ತಾರೆ. ದಯವಿಟ್ಟು ಮುಚ್ಚಬೇಡಿ.

ಭ್ರೂಣದಲ್ಲಿ ತಿರುಗಬೇಕಿದ್ದ ಆ ಸಿಲಿಯಾ ನೆನಪಿದೆ ಅಲ್ವಾ? ಅದೇ ಜಾತಿಯ ಕೂದಲುಗಳು ಮೂಗು, ಕಿವಿ, ಶ್ವಾಸನಾಳದ ಒಳಗೆಲ್ಲ ಇವೆ. ಕಫವನ್ನು, ಧೂಳನ್ನು ಗುಡಿಸಿ ಹೊರಹಾಕುವುದು ಅವುಗಳ ಕೆಲಸ. ಕೆಲವರಲ್ಲಿ ಅವು ಹುಟ್ಟಿನಿಂದಲೇ ಆಡುವುದಿಲ್ಲ. ಈ ಕಾಯಿಲೆಗೆ ಪ್ರೈಮರಿ ಸಿಲಿಯರಿ ಡಿಸ್ಕೈನೇಸಿಯಾ ಅಂತ ಹೆಸರು, ಚಿಕ್ಕದಾಗಿ ಪಿಸಿಡಿ. ಅದಲುಬದಲು ಅಂಗಗಳು, ಸದಾ ಕಾಡುವ ಸೈನಸ್, ಹಿಗ್ಗಿ ಹಾಳಾದ ಶ್ವಾಸನಾಳ ಈ ಮೂರೂ ಒಟ್ಟಿಗೆ ಇದ್ದರೆ ಕಾರ್ಟಜೆನರ್ ಸಿಂಡ್ರೋಮ್ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ವೈದ್ಯ ಮಾನೆಸ್ ಕಾರ್ಟಜೆನರ್ 1933ರಲ್ಲಿ ಈ ಮೂರನ್ನೂ ಸೇರಿಸಿ ವಿವರಿಸಿದರು. ಕಾರಣ ಗೊತ್ತಾಗಲು 1976 ಬರಬೇಕಾಯಿತು. ಆಗ ಸ್ವೀಡನ್ನಿನ ವಿಜ್ಞಾನಿ ಬ್ಯೋರ್ನ್ ಆಫ್ಜೇಲಿಯಸ್ ಈ ಕೂದಲುಗಳು ಆಡದಿರುವುದನ್ನು ಗುರುತಿಸಿದರು.

ಲೆಕ್ಕ ಹೀಗಿದೆ. ಪಿಸಿಡಿ ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಅಂಗಗಳು ಅದಲುಬದಲಾಗಿರುತ್ತವೆ, ಅದೇ ನಾಣ್ಯ ಚಿಮ್ಮಿದ ಹಾಗೆ. ತಿರುಗಿಸಿ ನೋಡಿದರೆ, ಅಂಗ ಅದಲುಬದಲಾದ ನಾಲ್ಕೈದು ಜನರಲ್ಲಿ ಒಬ್ಬರಿಗೆ ಪಿಸಿಡಿ ಇರುತ್ತದೆ. ಇದು ಸಣ್ಣ ಪಾಲಲ್ಲ.

ಹಾಗಾಗಿ ನಿಮ್ಮನ್ನೇ ಕೇಳಿಕೊಳ್ಳಿ. ಒಂಬತ್ತು ತಿಂಗಳು ತುಂಬಿ ಹುಟ್ಟಿದರೂ ಮೊದಲ ದಿನವೇ ಉಸಿರಿಗೆ ತೊಂದರೆ ಆಗಿತ್ತಾ? ಮೂಗು ಹಸುಗೂಸಾಗಿದ್ದಾಗಿನಿಂದ ವರ್ಷವಿಡೀ ಕಟ್ಟಿರುತ್ತದಾ? ಕಫದ ಕೆಮ್ಮು ಬೇಸಿಗೆ, ಮಳೆಗಾಲ ಅಂತಿಲ್ಲದೆ ದಿನವೂ ಇರುತ್ತದಾ? ಕಿವಿ ಪದೇ ಪದೇ ಸೋರುತ್ತದಾ, ಕೇಳಿಸುವುದು ಮಂದವಾ? ಒಂದಕ್ಕಾದರೂ ಹೌದು ಅನ್ನಿಸಿದರೆ ಶ್ವಾಸಕೋಶ ತಜ್ಞರ ಬಳಿ ಹೋಗಿ, ‘ಪಿಸಿಡಿ ಇರಬಹುದಾ, ನೋಡಿ’ ಅಂತ ಹೆಸರು ಹಿಡಿದೇ ಕೇಳಿ. ಸುಮ್ನೆ ‘ಕೆಮ್ಮು’ ಅಂದರೆ ಅಸ್ತಮಾ ಔಷಧಿ ಬರೆದು ಕಳಿಸುವ ಸಾಧ್ಯತೆಯೇ ಹೆಚ್ಚು. ಎಷ್ಟೋ ಮಕ್ಕಳು ಹೀಗೆ ವರ್ಷಗಟ್ಟಲೆ ಇನ್ಹೇಲರ್ ಎಳೆಯುತ್ತಾ ಕಳೆಯುತ್ತಾರೆ, ಅಷ್ಟರಲ್ಲಿ ಶ್ವಾಸನಾಳ ಹಾಳಾಗುತ್ತಾ ಹೋಗುತ್ತದೆ.

ಪರೀಕ್ಷೆ ಒಂದೇ ಅಲ್ಲ, ಹಲವು. ಪಿಸಿಡಿ ಇರುವವರ ಮೂಗಿನ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಸಾಮಾನ್ಯವಾಗಿ ತುಂಬ ಕಡಿಮೆ, ಅದನ್ನು ಅಳೆಯುತ್ತಾರೆ. ಮೂಗಿನೊಳಗಿನಿಂದ ಬ್ರಷ್‌ನಲ್ಲಿ ಕೋಶ ತೆಗೆದು ಕೂದಲು ಆಡುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತದಿಂದ ಜೀನ್ ಪರೀಕ್ಷೆ ಮಾಡುತ್ತಾರೆ. ಪಿಸಿಡಿಗೆ ಕಾರಣವಾಗುವ ಜೀನ್‌ಗಳು ಐವತ್ತಕ್ಕಿಂತ ಜಾಸ್ತಿ ಗೊತ್ತಾಗಿವೆ, ಆದರೂ ಎಲ್ಲವೂ ಸಿಕ್ಕಿಲ್ಲ. ಅದಕ್ಕೇ ಒಂದು ಪರೀಕ್ಷೆ ಸರಿ ಬಂತು ಅಂತ ಅಲ್ಲಿಗೇ ಬಿಡುವ ಹಾಗಿಲ್ಲ.

ಪಿಸಿಡಿ ಪೂರ್ತಿ ಗುಣವಾಗುವುದಿಲ್ಲ. ಆದರೆ ಬೇಗ ಗೊತ್ತಾದರೆ ಶ್ವಾಸಕೋಶ ಉಳಿಸಿಕೊಳ್ಳಬಹುದು. ದಿನವೂ ಕಫ ಹೊರತೆಗೆಯುವ ವ್ಯಾಯಾಮ, ಸೋಂಕು ಬಂದ ಕೂಡಲೇ ಚಿಕಿತ್ಸೆ, ಲಸಿಕೆ, ಹೊಗೆಯಿಂದ ದೂರ. ಇನ್ನೊಂದು ಮಾತು, ಕೇಳಲು ಮುಜುಗರ ಆದರೂ ಕೇಳಲೇಬೇಕಾದದ್ದು. ವೀರ್ಯಾಣುವಿನ ಬಾಲದ ರಚನೆಯೂ ಈ ಕೂದಲಿನದ್ದೇ. ಪಿಸಿಡಿ ಇರುವ ಅನೇಕ ಗಂಡಸರಿಗೆ ಮಕ್ಕಳಾಗಲು ವೈದ್ಯರ ನೆರವು ಬೇಕಾಗುತ್ತದೆ. ಹೆಂಗಸರಲ್ಲೂ ಕೆಲವರಿಗೆ ತಡವಾಗಬಹುದು. ಪಿಸಿಡಿ ಇಲ್ಲದೆ ಬರೀ ಅಂಗ ಅದಲುಬದಲಾದವರಿಗೆ ಈ ಚಿಂತೆ ಬೇಡ.

5. ಒಂದು ಕಾರ್ಡ್ ಬರೆದು ಪರ್ಸಿನಲ್ಲಿಡಿ

ಅಮೆರಿಕದ ಒರೆಗಾನ್‌ನಲ್ಲಿ 2017ರಲ್ಲಿ 99 ವರ್ಷದ ಒಬ್ಬ ಮಹಿಳೆ ತೀರಿಕೊಂಡರು. ದೇಹವನ್ನು ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ದಾನ ಮಾಡಿದ್ದರು. ಹೊಟ್ಟೆಯ ಅಂಗಗಳೆಲ್ಲ ಅದಲುಬದಲಾಗಿರುವುದನ್ನು ಕಂಡದ್ದು ಆ ದೇಹವನ್ನು ಕೊಯ್ದು ಕಲಿಯುತ್ತಿದ್ದ ವಿದ್ಯಾರ್ಥಿಗಳು. ಆಕೆಗೆ ಬದುಕಿದ್ದಾಗ ಮೂರು ಅಂಗಗಳನ್ನು ಆಪರೇಷನ್ ಮಾಡಿ ತೆಗೆದಿದ್ದರು. ಅಪೆಂಡಿಕ್ಸ್ ತೆಗೆದ ಸರ್ಜನ್ ಒಬ್ಬರೇ ‘ಜಾಗ ಬೇರೆ ಇದೆ’ ಅಂತ ಬರೆದಿಟ್ಟಿದ್ದರು. ಮನೆಯವರಿಗೆ ಗೊತ್ತೇ ಇರಲಿಲ್ಲ. ಕಂಡವರು ಬರೆದಿಡುತ್ತಾರೆ, ಬರೆದದ್ದು ನಿಮಗೆ ತಲುಪುತ್ತದೆ ಅಂತ ನಂಬಿ ಕೂರಬೇಡಿ. ನೀವೇ ಬರೆಯಿರಿ.

ಕಾರ್ಡಿನಲ್ಲಿ ಇಷ್ಟಿದ್ದರೆ ಸಾಕು:

‘ನನಗೆ ಸೈಟಸ್ ಇನ್ವರ್ಸಸ್ ಟೋಟಾಲಿಸ್ ಇದೆ. ಹೃದಯ, ಜಠರ, ಗುಲ್ಮ ಬಲಗಡೆ. ಲಿವರ್, ಪಿತ್ತಕೋಶ, ಅಪೆಂಡಿಕ್ಸ್ ಎಡಗಡೆ. ಇಸಿಜಿ ಬಿಲ್ಲೆಗಳನ್ನು ಎದೆಯ ಬಲಭಾಗಕ್ಕೆ ಹಾಕಿ. ಎಕೋ: ಸರಿ ಇದೆ, ಮಾಡಿಸಿದ ವರ್ಷ ಇಂಥದ್ದು. ಪಿಸಿಡಿ: ಇದೆ, ಇಲ್ಲ ಅಥವಾ ಪರೀಕ್ಷೆ ಆಗಿಲ್ಲ. ಆದ ಆಪರೇಷನ್‌ಗಳು.’ ಕೊನೆಗೆ ಮನೆಯವರ ಫೋನ್ ನಂಬರ್.

ಬಗೆ ಬೇರೆಯಾದರೆ ಅದಕ್ಕೆ ತಕ್ಕ ಹಾಗೆ ಬದಲಿಸಿ. ನಿಮ್ಮ ಡಾಕ್ಟರಿಗೆ ತೋರಿಸಿ ಸರಿ ಮಾಡಿಸಿ. ಕಾರ್ಡಿನ ಹಿಂಬದಿಯಲ್ಲಿ ಇಂಗ್ಲಿಷಿನಲ್ಲೂ ಬರೆದಿಡಿ, ಊರು ಬಿಟ್ಟು ಹೋದಾಗ ಬೇಕಾಗುತ್ತದೆ. ಲಾಕ್ ತೆಗೆಯದೆಯೂ ಕಾಣುವ ತುರ್ತು ಮಾಹಿತಿಯ ಜಾಗ ಈಗಿನ ಬಹುತೇಕ ಫೋನ್‌ಗಳಲ್ಲಿದೆ, ಅಲ್ಲೂ ಹಾಕಿ. ಮಗುವಾದರೆ ಶಾಲೆಗೂ ಒಂದು ಪ್ರತಿ.

6. ನಿಮ್ಮ ನೋವಿನ ನಕ್ಷೆ ಕಲಿತುಕೊಳ್ಳಿ

ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗುತ್ತದೆ. ಆಮೇಲೆ ಉಳಿದವರಲ್ಲಿ ಬಲಕ್ಕೆ ಇಳಿದರೆ, ನಿಮ್ಮಲ್ಲಿ ಎಡ ಕೆಳಹೊಟ್ಟೆಗೆ ಇಳಿಯಬಹುದು. ಎಡಗಡೆ ನೋವು ಅಂದರೆ ಕಿಡ್ನಿ ಕಲ್ಲು, ಗ್ಯಾಸು ಅಂತ ತಳ್ಳಿಹಾಕುವವರೇ ಜಾಸ್ತಿ. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದುಬಿಡಬಹುದು. ಪಿತ್ತಕೋಶದ ಕಲ್ಲಿನ ನೋವು ಎಡ ಪಕ್ಕೆಲುಬಿನ ಕೆಳಗೆ ಬರಬಹುದು.

‘ಬರಬಹುದು’ ಅಂತ ಬೇಕಂತಲೇ ಬರೆದಿದ್ದೇನೆ. ಅಂಗ ತಿರುಗಿದ್ದರೂ ನೋವಿನ ಸುದ್ದಿ ಒಯ್ಯುವ ನರಗಳು ಎಲ್ಲರಲ್ಲೂ ಅದರ ಜೊತೆಗೇ ತಿರುಗಿರುವುದಿಲ್ಲ. ಅಪೆಂಡಿಕ್ಸ್ ಎಡಗಡೆ ಇದ್ದೂ ನೋವು ಬಲಗಡೆ ಕಾಣಿಸಿಕೊಂಡವರಿದ್ದಾರೆ. ಹಾಗಾಗಿ ನೋವಿನ ಜಾಗ ನೋಡಿ ನೀವೇ ತೀರ್ಮಾನಕ್ಕೆ ಬರಬೇಡಿ. ಕೆಲವು ಗಂಟೆಯಾದರೂ ಬಿಡದ ಹೊಟ್ಟೆನೋವು, ಜೊತೆಗೆ ಜ್ವರ ಅಥವಾ ವಾಂತಿ ಇದ್ದರೆ ಹೋಗಿ ಸ್ಕ್ಯಾನ್ ಮಾಡಿಸಿ. ಬಾಗಿಲಲ್ಲೇ ಕಾರ್ಡ್ ತೋರಿಸಿ.

ಎದೆನೋವಿಗೂ ಇದೇ ಮಾತು. ಹೃದಯಾಘಾತದ ನೋವು ಬಲ ಎದೆಯಿಂದ ಬಲಗೈಗೆ ಇಳಿಯಬಹುದು. ನಡು ಎದೆಯಲ್ಲಿ ಹಿಂಡಬಹುದು, ಎಡಕ್ಕೂ ಬರಬಹುದು. ‘ಬಲಗಡೆ ನೋವು, ಹೃದಯದ್ದಲ್ಲ’ ಅನ್ನುವ ಸಮಾಧಾನ ನಿಮಗೆ ಅನ್ವಯಿಸುವುದಿಲ್ಲ.

7. ಆಪರೇಷನ್ ಅಂತ ನಿಗದಿಯಾದಾಗ

ಪಿತ್ತಕೋಶ ತೆಗೆಯುವುದರಿಂದ ಹಿಡಿದು ಹೃದಯದ ಆಪರೇಷನ್‌ವರೆಗೆ ಎಲ್ಲವೂ ನಿಮಗೂ ಸಾಧ್ಯ. ಕೀಹೋಲ್ ಆಪರೇಷನ್ ಕೂಡ ಆಗುತ್ತದೆ. ಆದರೆ ಸರ್ಜನ್ ನಿಲ್ಲುವ ಜಾಗ, ತೂತು ಹಾಕುವ ಜಾಗ, ಕೈ ಆಡಿಸುವ ರೀತಿ ಎಲ್ಲ ತಿರುಗಬೇಕು. ಬಲಗೈ ರೂಢಿಯವರಿಗೆ ಇದು ಕಷ್ಟ, ಸಮಯವೂ ಹಿಡಿಯುತ್ತದೆ. ಹಿಂದಿನ ದಿನವೇ ಸರ್ಜನ್ ಜೊತೆ ಸ್ಕ್ಯಾನ್ ಮುಂದಿಟ್ಟುಕೊಂಡು ಮಾತಾಡಿ. ‘ಇಂಥದ್ದು ಮುಂಚೆ ಮಾಡಿದ್ದೀರಾ?’ ಅಂತ ಕೇಳಲು ಹಿಂಜರಿಯಬೇಡಿ.

ಅರಿವಳಿಕೆ ಡಾಕ್ಟರಿಗೆ ಬೇರೆಯಾಗಿ ಹೇಳಿ, ಸರ್ಜನ್ ಹೇಳಿರುತ್ತಾರೆ ಅಂದುಕೊಳ್ಳಬೇಡಿ. ಉಸಿರಾಟದ ಕೊಳವೆ ಸ್ವಲ್ಪ ಆಳಕ್ಕೆ ಹೋದರೆ ಉಳಿದವರಲ್ಲಿ ಬಲ ಶ್ವಾಸಕೋಶಕ್ಕೆ ಜಾರುತ್ತದೆ, ನಿಮ್ಮಲ್ಲಿ ಎಡಕ್ಕೆ ಜಾರಬಹುದು. ಬಸುರಿಯರಿಗೂ ಒಂದು ಮಾತು. ಸಿಸೇರಿಯನ್ ಮೇಜಿನ ಮೇಲೆ ಸಾಮಾನ್ಯವಾಗಿ ಎಡಕ್ಕೆ ವಾಲಿಸಿ ಮಲಗಿಸುತ್ತಾರೆ, ಬಲಗಡೆ ಇರುವ ದೊಡ್ಡ ರಕ್ತನಾಳದ ಮೇಲೆ ಭಾರ ಬೀಳಬಾರದು ಅಂತ. ನಿಮ್ಮಲ್ಲಿ ಆ ರಕ್ತನಾಳ ಎಡಗಡೆ ಇರುತ್ತದೆ. ಯಾವ ಕಡೆಗೆ ವಾಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

8. ಮನೆಯವರಿಗೆ ಕಲಿಸಿ

ಪಿಸಿಡಿ ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಹೆಚ್ಚಿನ ಸಂದರ್ಭದಲ್ಲಿ ಅಪ್ಪ, ಅಮ್ಮ ಇಬ್ಬರಿಂದಲೂ ಒಂದೊಂದು ದೋಷದ ಜೀನ್ ಬಂದಾಗ ಮಾತ್ರ ಕಾಯಿಲೆ ಬರುತ್ತದೆ. ಆಗ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ತಮ್ಮನಿಗೋ ತಂಗಿಗೋ ಅಂಗಗಳು ಎಂದಿನ ಜಾಗದಲ್ಲೇ ಇದ್ದು, ಪಿಸಿಡಿ ಮಾತ್ರ ಇರಬಹುದು. ಅಂಥವರದ್ದೇ ಗೊತ್ತಾಗುವುದು ತಡ.

ಮಗು ಎಡಚನಾಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ. ಅಂಗ ಅದಲುಬದಲಾದವರಲ್ಲೂ ಹೆಚ್ಚಿನವರು ಬಲಗೈಯವರೇ.

ಕುಸಿದು ಬಿದ್ದಾಗ ಏನು ಮಾಡಬೇಕು ಅಂತಲೂ ಮನೆಯವರಿಗೆ ಒಮ್ಮೆ ತೋರಿಸಿಕೊಡಿ. ಎದೆ ಒತ್ತುವುದು ಎಲ್ಲರಿಗೂ ಮಾಡುವ ಹಾಗೇ, ಎದೆಯ ನಡು ಮೂಳೆಯ ಮೇಲೆ. ಅದರಲ್ಲಿ ಬದಲಾವಣೆ ಇಲ್ಲ. ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಸಿಕ್ಕರೆ, ಅದರ ಚಿತ್ರದಲ್ಲಿ ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಇರುತ್ತದೆ. ಹೃದಯ ಬಲಗಡೆ ಇರುವವರಿಗೆ ಅದನ್ನು ತಿರುಗಿಸಿ, ಒಂದನ್ನು ಎಡ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಬಲ ಕಂಕುಳಿನ ಕೆಳಗೆ ಅಂಟಿಸಬೇಕು. ಆ ಗಡಿಬಿಡಿಯಲ್ಲಿ ಎಡವೋ ಬಲವೋ ಅಂತ ನೆನಪಾಗದಿದ್ದರೆ ಯೋಚಿಸುತ್ತಾ ನಿಲ್ಲಬೇಡಿ, ಚಿತ್ರದಲ್ಲಿ ಇರುವ ಹಾಗೇ ಅಂಟಿಸಿ, ಯಂತ್ರ ಹೇಳಿದ್ದನ್ನು ಮಾಡಿ, ಆಂಬುಲೆನ್ಸ್‌ನವರು ಬಂದ ಕೂಡಲೇ ಕಾರ್ಡ್ ಅವರ ಕೈಗೆ ಕೊಡಿ.